ಎಲ್ಲವೂ ಅನಿತ್ಯ ಅಂದ ಮೇಲೆ ಕಡಿದ ಮರಕ್ಕೆ ಯಾಕೆ ಅಳಬೇಕು? ಬೌದ್ಧರು ಏನಂತಾರೆ?

ನೇರಳೆಹಣ್ಣು:

ನಮಸ್ಕಾರ. ಇದನ್ನು ಎಲ್ಲಿ ಕೇಳಬೇಕೋ ಗೊತ್ತಾಗದೆ ಇಲ್ಲಿ ಹಾಕುತ್ತಿದ್ದೇನೆ. ನಮ್ಮದು ಮಲೆನಾಡಿನ ಒಂದು ಸಣ್ಣ ಊರು. ರಸ್ತೆ ಅಗಲ ಮಾಡುತ್ತೇವೆ ಅಂತ ಊರಿಗೆ ಬರುವ ದಾರಿಯ ಎರಡೂ ಕಡೆಯ ದೊಡ್ಡ ಮರಗಳನ್ನೆಲ್ಲ ಉರುಳಿಸಿದರು. ಗೋಳಿ, ಹಲಸು, ಧೂಪ, ಹೊನ್ನೆ, ಎಲ್ಲಾ ಹೋದವು. ಗೋಳಿ ಹಣ್ಣಿಗೆ ಮಂಗಟ್ಟೆ ಹಕ್ಕಿಗಳು ಬರುತ್ತಿದ್ದವು, ಅವೂ ಈಗ ಈ ಕಡೆ ಸುಳಿಯುವುದಿಲ್ಲ. ತಿಂಗಳುಗಳೇ ಆದವು, ಆದರೂ ಆ ದಾರಿಯಲ್ಲಿ ಹೋದಾಗಲೆಲ್ಲ ಎದೆ ಭಾರ ಆಗುತ್ತದೆ. ಮನೆಯಲ್ಲಿ ಹೇಳಿದರೆ "ಮರಕ್ಕೆ ಯಾರಾದ್ರೂ ಅಳ್ತಾರಾ, ರಸ್ತೆ ಚೆನ್ನಾಗಿ ಆಯ್ತಲ್ಲ" ಅನ್ನುತ್ತಾರೆ.

ನನ್ನ ಗೆಳತಿಯೊಬ್ಬಳು ವಿಪಶ್ಯನ ಅನ್ನುವ ಬೌದ್ಧ ಧ್ಯಾನದ ಶಿಬಿರಗಳಿಗೆ ಹೋಗುತ್ತಾಳೆ. ಅವಳು "ಎಲ್ಲವೂ ಅನಿತ್ಯ ಕಣೇ, ಅಂಟಿಕೊಂಡಿದ್ದಕ್ಕೇ ನಿನಗೆ ನೋವು, ಬಿಟ್ಟುಬಿಡು" ಅಂದಳು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಸಿಟ್ಟು ಬಂತು. ಆಮೇಲೆ ನೇಪಾಳದ ಒಂದು ಸುದ್ದಿ ಓದಿದೆ. 2025ರ ಮೇ ತಿಂಗಳಲ್ಲಿ ಲಾಂಗ್‌ಟಾಂಗ್ ಕಣಿವೆಯ ಯಾಲಾ ಅನ್ನುವ ಹಿಮನದಿಗೆ ಶ್ರದ್ಧಾಂಜಲಿ ಮಾಡಿದರಂತೆ. 1970ರ ದಶಕದಿಂದ ಈಚೆಗೆ ಅದು 66 ಶೇಕಡಾ ಕುಗ್ಗಿದೆಯಂತೆ, 784 ಮೀಟರ್ ಹಿಂದಕ್ಕೆ ಸರಿದಿದೆಯಂತೆ. ಜನ ಬೆಟ್ಟ ಹತ್ತಿ ಹೋಗಿ ಕಲ್ಲಿನ ಫಲಕ ಇಟ್ಟರು, ಬೌದ್ಧ ಭಿಕ್ಷುಗಳು ಬಂದು ಪೂಜೆ ಮಾಡಿದರು.

ಈಗ ನನ್ನ ಪ್ರಶ್ನೆ. ಎಲ್ಲವೂ ಹೋಗುವುದೇ ಅಂತ ಹೇಳುವವರೇ ಹೋಗಿದ್ದಕ್ಕೆ ಪೂಜೆ ಮಾಡುತ್ತಾರಲ್ಲ, ಇದು ಹೇಗೆ? ಬುದ್ಧನ ದಾರಿಯಲ್ಲಿ ಇಂಥ ದುಃಖಕ್ಕೆ ಜಾಗ ಇದೆಯಾ, ಇಲ್ವಾ? ನಾನು ಬೌದ್ಧಳಲ್ಲ. ಸುಮ್ನೆ ತಿಳಿದುಕೊಳ್ಳಬೇಕು ಅನಿಸಿದೆ.

ಓಲೆಗರಿ:

ನಿಮ್ಮ ಗೆಳತಿ ಹೇಳಿದ್ದು ಅರ್ಧ ಸರಿ. ಆದರೆ ಆ ಅರ್ಧವನ್ನು ಅತ್ತವರ ಬಾಯಿ ಮುಚ್ಚಿಸೋಕೆ ಬಳಸುವುದು ನಮ್ಮಲ್ಲಿ ಜಾಸ್ತಿ ಆಗಿದೆ.

ಬೌದ್ಧರ ಹಳೆಯ ಪಾಲಿ ಗ್ರಂಥಗಳಲ್ಲಿ ಸಾವು, ಅಳು ಬರುವ ಜಾಗಗಳನ್ನು ಸುಮ್ಮನೆ ಓದಿ ನೋಡಿ. ಸಾವಿಲ್ಲದ ಮನೆಯ ಸಾಸಿವೆ ಕಥೆ ನಮಗೆಲ್ಲ ಗೊತ್ತು. ಕಿಸಾಗೋತಮಿ ಸತ್ತ ಮಗುವನ್ನು ಎತ್ತಿಕೊಂಡು ಬಂದಾಗ ಬುದ್ಧ ಅವಳನ್ನು ಕೂರಿಸಿಕೊಂಡು ಅನಿತ್ಯದ ಪಾಠ ಮಾಡಲಿಲ್ಲ. ಊರಿನ ಮನೆಮನೆಗೆ ಕಳಿಸಿದ. ಅವಳು ಹೋದ ಕಡೆಯಲ್ಲೆಲ್ಲ ತಮ್ಮ ಮನೆಯ ಸಾವಿನ ಬಗ್ಗೆ ಹೇಳುವ ಜನ ಸಿಕ್ಕರು. ಪಾಠ ಆಮೇಲೆ ಬಂತು. ನಿಮ್ಮ ವಿಷಯದಲ್ಲಿ ಆ ಮನೆಮನೆ ಸುತ್ತುವ ಭಾಗವೇ ತಪ್ಪಿಹೋಗಿದೆ ಅಂತ ನನಗೆ ಅನಿಸುತ್ತದೆ. ಯಾರೂ ನಿಮ್ಮ ಜೊತೆ ಆ ಮರದ ಬಗ್ಗೆ ಮಾತಾಡಿಲ್ಲ, ನೇರವಾಗಿ ಉಪದೇಶಕ್ಕೇ ಇಳಿದರು.

ಇನ್ನೊಂದು ಜಾಗ ನನಗೆ ತುಂಬಾ ಇಷ್ಟ. ಬುದ್ಧನ ಮುಖ್ಯ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನ ಇಬ್ಬರೂ ತೀರಿಹೋದ ಮೇಲೆ ಗಂಗೆಯ ದಡದ ಉಕ್ಕಚೇಲ ಅನ್ನುವ ಊರಲ್ಲಿ ಭಿಕ್ಷುಗಳೆಲ್ಲ ಸೇರಿ ಕೂತಿರುತ್ತಾರೆ. ಬುದ್ಧ ಒಮ್ಮೆ ಸುತ್ತ ನೋಡಿ, ಅವರಿಬ್ಬರೂ ಹೋದ ಮೇಲೆ ಈ ಸಭೆ ನನಗೆ ಖಾಲಿ ಕಾಣುತ್ತಿದೆ ಅನ್ನುತ್ತಾನೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಅದೇ ಸೂತ್ರ ಮುಂದೆ ಹೋಗಿ ತಥಾಗತನಿಗೆ, ಅಂದರೆ ಬುದ್ಧನಿಗೆ, ಶೋಕ ಇಲ್ಲ ಅಂತಲೂ ಹೇಳುತ್ತದೆ. ಆದರೆ ಶೋಕ ಇಲ್ಲದವನಿಗೂ ಆ ಖಾಲಿ ಕಂಡಿತು, ಮತ್ತೆ ಅದನ್ನು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿದ. ಎಲ್ಲಾ ಅನಿತ್ಯ ತಾನೇ ಅಂತ ತಲೆ ತಿರುಗಿಸಲಿಲ್ಲ.

ಬುದ್ಧ ತಾನೇ ಸಾಯುವ ಹೊತ್ತಿಗೆ ಸದಾ ಜೊತೆಗಿದ್ದ ಶಿಷ್ಯ ಆನಂದ ಬಾಗಿಲ ಹತ್ತಿರ ಹೋಗಿ ಅಳುತ್ತಾ ನಿಲ್ಲುತ್ತಾನೆ. ಬುದ್ಧ ಅವನನ್ನು ಕರೆಸಿ ಸಾಕು ಆನಂದ, ಅಳಬೇಡ, ಪ್ರಿಯವಾದದ್ದೆಲ್ಲ ಅಗಲುವುದೇ ಅಂತ ನಾನು ಮೊದಲೇ ಹೇಳಿದ್ದೆನಲ್ಲ ಅನ್ನುತ್ತಾನೆ. ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಗೆಳತಿ ಹೇಳಿದ ಮಾತೇ. ಆದರೆ ಅವನು ನಿಲ್ಲಿಸುವುದಿಲ್ಲ. ನೀನು ಇಷ್ಟು ಕಾಲ ಪ್ರೀತಿಯಿಂದ ನನ್ನನ್ನು ನೋಡಿಕೊಂಡೆ ಅಂತ ಆನಂದನನ್ನು ಹೊಗಳುತ್ತಾನೆ, ಅದೂ ಉಳಿದ ಭಿಕ್ಷುಗಳಿಗೆ ಕೇಳಿಸುವ ಹಾಗೆ. ಅತ್ತದ್ದಕ್ಕೆ ಅವನನ್ನು ಬೈಯಲಿಲ್ಲ.

ಇವೆಲ್ಲ ಮನುಷ್ಯರ ಸಾವು, ಒಪ್ಪುತ್ತೇನೆ. ಮರಗಿಡದ ವಿಷಯ ವಿನಯದಲ್ಲಿ ಬರುತ್ತದೆ, ಅಂದರೆ ಭಿಕ್ಷುಗಳ ನಿಯಮಗಳಲ್ಲಿ. ಬೆಳೆದು ನಿಂತ ಗಿಡವನ್ನು ಭಿಕ್ಷು ಕಡಿಯಬಾರದು ಅನ್ನುವ ನಿಯಮ ಹುಟ್ಟಿದ್ದೇ ಆಳವಿ ಅನ್ನುವ ಊರಲ್ಲಿ ಒಬ್ಬ ಮರ ಕಡಿದದ್ದರಿಂದ. ಆ ಮರದಲ್ಲಿದ್ದ ದೇವತೆ ಬುದ್ಧನ ಹತ್ತಿರ ದೂರು ತಂದಳು ಅಂತ ಕಥೆ. ಮಳೆಗಾಲದಲ್ಲಿ ಒಂದೇ ಕಡೆ ಇರಬೇಕು ಅನ್ನುವ ನಿಯಮಕ್ಕೂ ಅಂಥದ್ದೇ ಹಿನ್ನೆಲೆ. ಇವರು ಹಸಿರು ಹುಲ್ಲು, ಸಣ್ಣಪುಟ್ಟ ಜೀವಿಗಳನ್ನೆಲ್ಲ ತುಳಿದು ಓಡಾಡುತ್ತಾರಲ್ಲ ಅಂತ ಜನ ಗೊಣಗಿದರು. ಹಾಗಾಗಿ ಮರಕ್ಕೆ ಯಾರಾದ್ರೂ ಅಳ್ತಾರಾ ಅನ್ನುವ ಮಾತನ್ನು ಆ ಕಾಲದ ಜನವೂ ಪೂರ್ತಿ ಒಪ್ಪುತ್ತಿರಲಿಲ್ಲ.

ಕಡ್ಡಿ ಮುರಿದಂಗೆ:

ನಾನು ಸ್ವಲ್ಪ ಖಾರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಮೇಡಂ.

ಈ ಹಿಮನದಿಗೆ ತಿಥಿ, ಮರಕ್ಕೆ ಮಂತ್ರ, ಇದೆಲ್ಲ ಮಾಡಿದವರಿಗೆ ಸಮಾಧಾನ ಆಗುತ್ತದೆ ಅಷ್ಟೇ. ಹಿಮ ವಾಪಸ್ ಬರುತ್ತದಾ? ಇಲ್ಲ. ಇನ್ನು ಅನಿತ್ಯದ ಮಾತು ಬಂದರೆ ಅದು ಗುತ್ತಿಗೆದಾರರಿಗೆ, ಅಧಿಕಾರಿಗಳಿಗೆ ಭಾರಿ ಅನುಕೂಲ. ಎಲ್ಲಾ ಹೋಗುವುದೇ ಅಂದ ಮೇಲೆ ಯಾರು ಕಡಿದರೇನು, ಯಾಕೆ ಕಡಿದರೇನು? ವಾಟ್ಸಾಪ್‌ನಲ್ಲಿ ಏಳು ಸೂರ್ಯರ ಸೂತ್ರ ಅಂತ ಒಂದು ಓಡಾಡುತ್ತಿದೆ. ಮೊದಲು ಮಳೆ ನಿಂತು ಗಿಡಮರ ಒಣಗುತ್ತವೆ, ಎರಡನೇ ಸೂರ್ಯ ಬಂದಾಗ ಸಣ್ಣ ಹೊಳೆ, ಮೂರನೆಯದಕ್ಕೆ ಗಂಗೆಯಂಥ ನದಿ, ಹೀಗೆ ಕೊನೆಗೆ ಮೇರು ಪರ್ವತವೂ ಸುಟ್ಟುಹೋಗುತ್ತದೆ. "ನೋಡಿ, ಬುದ್ಧ ಆಗಲೇ ಹೇಳಿದ್ದ" ಅಂತ ಕೈಮುಗಿಯುವ ಇಮೋಜಿ. ಹೇಳಿದ್ದರೆ ಏನು ಮಾಡೋಣ, ಕೂತು ಸುಟ್ಟುಕೊಳ್ಳೋಣವಾ?

ನನಗೆ ಬೆಲೆ ಅನಿಸಿದ್ದು ಥಾಯ್ಲೆಂಡಿನವರು ಮಾಡಿದ್ದು. 1988ರ ನವೆಂಬರಿನಲ್ಲಿ ಅಲ್ಲಿನ ದಕ್ಷಿಣ ಭಾಗದಲ್ಲಿ ದೊಡ್ಡ ಪ್ರವಾಹ ಬಂತು. ಕಾಡು ಬೋಳಾದ ಗುಡ್ಡಗಳಿಂದ ಮಣ್ಣು, ದಿಮ್ಮಿ ಎಲ್ಲಾ ಹಳ್ಳಿಗಳ ಮೇಲೆ ಇಳಿದು ನೂರಾರು ಜನ ಸತ್ತರು. 1989ರ ಜನವರಿಯಲ್ಲಿ ಸರ್ಕಾರ ಕಾಡಿನ ಮರ ಕಡಿಯುವುದನ್ನೇ ನಿಷೇಧಿಸಿತು. ಆದರೂ ಕಳ್ಳತನದಲ್ಲಿ ಕಡಿಯುವುದು ನಿಲ್ಲಲಿಲ್ಲ. ಅದೇ ಹೊತ್ತಿನಲ್ಲಿ ಕೆಲವು ಭಿಕ್ಷುಗಳು ಮರಗಳಿಗೆ ದೀಕ್ಷೆ ಕೊಡೋಕೆ ಶುರು ಮಾಡಿದರು. ಕಾಡಿನ ಅತಿ ದೊಡ್ಡ ಮರಕ್ಕೆ ಕಾವಿ ಬಟ್ಟೆ ಸುತ್ತುವುದು, ಹಳ್ಳಿಯವರನ್ನು ಸೇರಿಸಿ ಮಂತ್ರ ಹೇಳುವುದು. ಕಾವಿ ಸುತ್ತಿದ ಮರಕ್ಕೆ ಕೊಡಲಿ ಹಾಕೋಕೆ ಯಾವ ಹಳ್ಳಿಗನಿಗೆ ಧೈರ್ಯ ಬರುತ್ತದೆ ಹೇಳಿ. ನಾನ್ ಪ್ರಾಂತದಲ್ಲಿ ಫ್ರಾಕ್ರು ಪಿಟಕ್ ಅನ್ನುವ ಭಿಕ್ಷು ಇದನ್ನು ಊರೂರಿಗೆ ಹಬ್ಬಿಸಿದರು. ಬುರಿರಾಮ್ ಕಡೆ ಫ್ರಾ ಪ್ರಚಕ್ ಅನ್ನುವವರನ್ನು 1991ರಲ್ಲಿ ಪೊಲೀಸರು ಹಿಡಿದೂ ಹಾಕಿದರು. ಮನುಷ್ಯರಿಗಲ್ಲದೆ ಮರಕ್ಕೆ ಎಂಥ ದೀಕ್ಷೆ, ಇದು ಧರ್ಮವೇ ಅಲ್ಲ ಅಂತ ಅವರದೇ ದೇಶದಲ್ಲಿ ಬೈದವರೂ ಇದ್ದರು. ಪೊಲೀಸರಿಗೆ ಸಿಟ್ಟು ಬಂತು ಅಂದರೆ ಪೂಜೆ ಎಲ್ಲೋ ತಾಗಬೇಕಾದ ಕಡೆ ತಾಗಿದೆ ಅಂತ ಲೆಕ್ಕ.

ಇದು ಮರ ಇನ್ನೂ ಬದುಕಿರುವಾಗ ಮಾಡಿದ್ದು, ಗಮನಿಸಿ. ಸತ್ತ ಮೇಲೆ ಮಾಡುವ ಕಾರ್ಯಕ್ರಮದ ಮೇಲೆ ನನಗೆ ನಂಬಿಕೆ ಕಡಿಮೆ.

ಓಲೆಗರಿ:

@ಕಡ್ಡಿ ಮುರಿದಂಗೆ, ಏಳು ಸೂರ್ಯರ ಸೂತ್ರ ಕಳಿಸುವವರ ಮೇಲೆ ನನಗೂ ಅಷ್ಟೇ ಸಿಟ್ಟಿದೆ. ಅದು ಕಲ್ಪಾಂತರದ ಮಾತು, ಲೆಕ್ಕಕ್ಕೆ ಸಿಗದಷ್ಟು ಕಾಲ ಕಳೆದ ಮೇಲಿನದ್ದು. ಭೂಮಿಯೇ ನಿಲ್ಲುವುದಿಲ್ಲ ಅಂದ ಮೇಲೆ ಯಾವುದಕ್ಕೂ ಮರುಳಾಗಬೇಡಿ ಅಂತ ಹೇಳೋಕೆ ಬಂದದ್ದು. ಅದರಲ್ಲಿ ಕಲ್ಲಿದ್ದಲು ಇಲ್ಲ, ಡೀಸೆಲ್ ಇಲ್ಲ, ಟೆಂಡರ್ ಇಲ್ಲ. ಯಾಲಾ ಕರಗುತ್ತಿರುವುದು ಎರಡನೇ ಸೂರ್ಯ ಹುಟ್ಟಿದ್ದಕ್ಕಲ್ಲ.

ಆದರೆ ಅನಿತ್ಯ ಅಂದರೆ ಕಾರಣ ಕೇಳಬಾರದು ಅಂತ ನೀವು ಹಿಡಿದಿರುವುದು ಸರಿಯಲ್ಲ. ಬುದ್ಧ ಅನಿತ್ಯದ ಮಾತು ಎಷ್ಟು ಹೇಳಿದನೋ ಅಷ್ಟೇ ಸಲ ಇದು ಇದ್ದರೆ ಅದು ಇರುತ್ತದೆ, ಇದು ನಿಂತರೆ ಅದೂ ನಿಲ್ಲುತ್ತದೆ ಅಂತಲೂ ಹೇಳಿದ. ಹಾಳಾಗುವುದಕ್ಕೂ ಕಾರಣ ಇರುತ್ತದೆ, ಹುಡುಕಿ ಅಂತ ಅದರ ಅರ್ಥ. ಗೋಳಿಮರ ಒಂದು ದಿನ ಬೀಳುತ್ತಿತ್ತು, ನಿಜ, ಅದು ಅನಿತ್ಯ. ಆದರೆ ಆ ದಿನವೇ ಬಿದ್ದದ್ದಕ್ಕೆ ಒಂದು ನಕ್ಷೆ, ಒಂದು ಸಹಿ, ಒಂದು ಗರಗಸ ಕಾರಣ. ಎರಡನ್ನೂ ಒಟ್ಟಿಗೆ ಹೇಳದೆ ಮೊದಲನೆಯದನ್ನು ಮಾತ್ರ ಹೇಳುವವರನ್ನು ನಾನು ನಂಬುವುದಿಲ್ಲ.

ಇನ್ನು ಫಲಕದ ವಿಷಯ. ಐಸ್‌ಲ್ಯಾಂಡಿನಲ್ಲಿ ಓಕ್ ಅನ್ನುವ ಹಿಮನದಿ ಸತ್ತಿತು ಅಂತ 2019ರ ಆಗಸ್ಟಿನಲ್ಲಿ ಫಲಕ ಇಟ್ಟರಲ್ಲ, ಅದರ ಕೆಳಗೆ ಆಗ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನೂ ಕೆತ್ತಿದ್ದಾರೆ, 415 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 415 ಭಾಗ. ಅವರೇನೂ ಬೌದ್ಧರಲ್ಲ. ಆದರೂ ಸತ್ತವರ ಹೆಸರಿನ ಜೊತೆಗೆ ಸಾವಿನ ಕಾರಣವನ್ನೂ ಕಲ್ಲಿನಲ್ಲಿ ಬರೆದಿಟ್ಟರು. ಇಂಥ ಶ್ರದ್ಧಾಂಜಲಿ ಬರೀ ಸಮಾಧಾನಕ್ಕೆ ಅಂತ ನಾನು ಹೇಳಲಾರೆ.

ಯೊಕೊಹಾಮಾ ಕನ್ನಡಿಗ:

ನಾನು ಜಪಾನಿನಲ್ಲಿ ಇದ್ದೇನೆ, ಐಟಿ ಕೆಲಸ. ಈ ಚರ್ಚೆ ನೋಡಿ ಇಲ್ಲಿನದ್ದನ್ನು ಹೇಳೋಣ ಅನಿಸಿತು.

ಇಲ್ಲಿ ಕುಯೋ ಅಂತ ಒಂದು ಪದ್ಧತಿ ಇದೆ. ಹೆಚ್ಚುಕಡಿಮೆ ನಮ್ಮ ತಿಥಿ ಥರ, ಬೌದ್ಧ ದೇವಸ್ಥಾನದಲ್ಲಿ ಮಾಡಿಸುತ್ತಾರೆ. ಮನುಷ್ಯರಿಗೆ ಮಾತ್ರ ಅಲ್ಲ, ಮೀನಿಗೆ, ರೇಷ್ಮೆ ಹುಳಕ್ಕೆ, ಮುರಿದ ಸೂಜಿಗೂ ಮಾಡುತ್ತಾರೆ! ಯಮಗುಚಿ ಪ್ರಾಂತದ ಕಾಯೋಯಿ ಅನ್ನುವ ಊರಲ್ಲಿ ತಿಮಿಂಗಿಲಗಳ ಸಮಾಧಿ ಇದೆ, 1692ರದ್ದು. ಊರಿಗೆ ಊರೇ ತಿಮಿಂಗಿಲ ಬೇಟೆಯಿಂದ ಬದುಕುತ್ತಿತ್ತು. ಬಸುರಿ ತಿಮಿಂಗಿಲವನ್ನು ಕೊಂದಾಗ ಹೊಟ್ಟೆಯಲ್ಲಿ ಸಿಕ್ಕ ಮರಿಗಳನ್ನು ಅಲ್ಲಿ ಹೂಳುತ್ತಿದ್ದರು. ಅಲ್ಲಿನ ಕೋಗಾನ್‌ಜಿ ದೇವಸ್ಥಾನದಲ್ಲಿ ಸತ್ತವರ ದಫ್ತರ ಇಟ್ಟ ಹಾಗೆ ತಿಮಿಂಗಿಲಗಳಿಗೂ ಒಂದು ದಫ್ತರ ಇದೆ. ಮನುಷ್ಯರಿಗೆ ಸತ್ತ ಮೇಲೆ ಬೌದ್ಧ ಹೆಸರು ಕೊಡುತ್ತಾರಲ್ಲ, ಅಂಥ ಹೆಸರನ್ನು ಅವಕ್ಕೂ ಕೊಟ್ಟಿದ್ದಾರೆ.

ಯೊನೆಜಾವಾ ಕಡೆ ಹೋದರೆ ಗಿಡಮರಗಳಿಗೇ ನಿಲ್ಲಿಸಿದ ಕಲ್ಲುಗಳು ಸಿಗುತ್ತವೆ. ಅತಿ ಹಳೆಯದು 1780ರದ್ದು. ಕಾಡಿನಿಂದ ಮರ ಕಡಿದು ಬದುಕುತ್ತಿದ್ದ ಜನ ಆ ಮರಗಳಿಗೆ ಅಂತ ನಿಲ್ಲಿಸಿದ್ದು. ಹುಲ್ಲು, ಮರ, ನೆಲ ಎಲ್ಲವೂ ಬುದ್ಧತ್ವ ಪಡೆಯುತ್ತವೆ ಅನ್ನುವ ಮಾತು ಇಲ್ಲಿನ ಬೌದ್ಧರಲ್ಲಿ ತುಂಬಾ ಹಳೆಯದು.

ಇನ್ನೊಂದು ಮುಖವನ್ನೂ ಹೇಳಬೇಕು. ಕೋಯಾಸಾನ್ ಬೆಟ್ಟದ ದೊಡ್ಡ ಸ್ಮಶಾನದಲ್ಲಿ ಗೆದ್ದಲು ಹುಳಗಳಿಗೆ ಒಂದು ಸ್ಮಾರಕ ಇದೆ. ಹಾಕಿಸಿದ್ದು ಯಾರು ಗೊತ್ತಾ? ಗೆದ್ದಲಿಗೆ ಔಷಧ ಹೊಡೆಯುವವರ ಸಂಘ! ನೋಡಿದಾಗ ನಗು ಬಂತು. ವರ್ಷಪೂರ್ತಿ ಕೊಲ್ಲು, ಒಂದು ದಿನ ಕೈಮುಗಿ, ಲೆಕ್ಕ ಚುಕ್ತಾ ಅಂತ ಅನಿಸಿತು. ಇಲ್ಲಿನ ಸ್ನೇಹಿತರ ಹತ್ತಿರ ಹಾಗೇ ಅಂದೆ. ಕೊಂದು ಬದುಕುವವರು ಆ ಋಣವನ್ನು ಒಪ್ಪಿಕೊಳ್ಳುವುದು ಒಪ್ಪಿಕೊಳ್ಳದೆ ಇರುವುದಕ್ಕಿಂತ ಮೇಲು ಅಂತ ಒಬ್ಬರು ಹೇಳಿದರು. ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ನೇರಳೆಹಣ್ಣು ಅವರೇ, ನಿಮ್ಮ ಮರಗಳ ಬಗ್ಗೆ ಯೋಚಿಸುವಾಗ ಇದು ಬೇಕಾಗಬಹುದು. ಆ ರಸ್ತೆಯಲ್ಲಿ ನೀವೂ ಓಡಾಡುತ್ತೀರಿ ಅಲ್ವಾ. ನಾನಂತೂ ವರ್ಷಕ್ಕೊಮ್ಮೆ ವಿಮಾನ ಹತ್ತಿ ಊರಿಗೆ ಬರುತ್ತೇನೆ. ದುಃಖ ಪಡುವವರು ಬೇರೆ, ಹಾಳು ಮಾಡುವವರು ಬೇರೆ ಅಂತ ಗೆರೆ ಎಳೆಯೋಕೆ ಈ ಕಾಲದಲ್ಲಿ ಆಗುವುದಿಲ್ಲ. ಆ ತಿಮಿಂಗಿಲದ ಊರಿನವರು ಗೆರೆ ಎಳೆದಿರಲಿಲ್ಲ.

ಕಾವೇರಿ ಕಡೆಯವ:

ನಮ್ಮ ಅಂಗಡಿ ಕುಶಾಲನಗರದಲ್ಲಿ. ಬೈಲುಕುಪ್ಪೆಯ ಟಿಬೆಟಿಯನ್ನರು ದಿನಾ ಬರುತ್ತಾರೆ, ಸುಮಾರು ಜನ ನಮಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಈ ಪ್ರಶ್ನೆಯನ್ನು ಒಬ್ಬ ಹಿರಿಯ ಲಾಮಾ ಹತ್ತಿರ ಕೇಳಿದೆ, ಟೀ ಕುಡೀತಾ.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಅವರಲ್ಲಿ ಮನುಷ್ಯ ಸತ್ತರೆ 49 ದಿನ, ವಾರಕ್ಕೊಮ್ಮೆ ಪ್ರಾರ್ಥನೆ ಇರುತ್ತದೆ. ಆ 49 ದಿನ ಮುಗಿದ ಮೇಲೆ ಅಳಬಾರದು ಅಂತಲ್ಲ, ಆದರೆ ಅಷ್ಟು ದಿನ ದುಃಖಕ್ಕೆ ಒಂದು ಕೆಲಸ ಕೊಟ್ಟಿರುತ್ತಾರೆ. ದೀಪ ಹಚ್ಚಬೇಕು, ಸತ್ತವರ ಹೆಸರಲ್ಲಿ ದಾನ ಕೊಡಬೇಕು. ಮರಕ್ಕೆ ಅದೇ ಮಂತ್ರ ಹೇಳ್ತೀರಾ ಅಂದೆ. ನಕ್ಕರು. ಮರಕ್ಕೆ ಬೇಡ, ಅದರಲ್ಲಿ ಗೂಡು ಕಟ್ಟಿದ್ದ ಹಕ್ಕಿ, ಇರುವೆ, ಹಾವು, ಅವಕ್ಕೆ ಹೇಳಿ ಅಂದರು. ಮನೆ ಕಳೆದುಕೊಂಡವು ಅವು ತಾನೇ. ಅವರಲ್ಲಿ ಬೆಟ್ಟ, ಸರೋವರಗಳಿಗೆ ಒಡೆಯರಾದ ದೇವತೆಗಳು ಇರುತ್ತಾರೆ, ನಮ್ಮ ಕೊಡಗಿನ ದೇವರಕಾಡಿನ ಹಾಗೆ. ಅಲ್ಲಿ ಹಾಳು ಮಾಡಿದರೆ ಆ ದೇವತೆಗಳಿಗೆ ಸಿಟ್ಟು ಬರುತ್ತದೆ ಅಂತ ನಂಬಿಕೆ. ಯಾಲಾ ಇರುವ ಲಾಂಗ್‌ಟಾಂಗ್ ಕಣಿವೆಯನ್ನೂ ಗುರು ಪದ್ಮಸಂಭವ ಮುಚ್ಚಿಟ್ಟ ಪುಣ್ಯದ ಜಾಗ ಅಂತ ನೋಡುತ್ತಾರೆ. 2015ರ ಏಪ್ರಿಲಿನ ಭೂಕಂಪಕ್ಕೆ ಮೇಲಿನಿಂದ ಹಿಮ, ಬಂಡೆ ಕುಸಿದು ಲಾಂಗ್‌ಟಾಂಗ್ ಹಳ್ಳಿಯೇ ಹೂತುಹೋಯಿತು. ಅಲ್ಲಿ ಬದುಕಿ ಉಳಿದವರಿಗೆ ಹಿಮನದಿಯ ಪೂಜೆ ಅಂದರೆ ಅದು ಬರೀ ಸುದ್ದಿಯಲ್ಲ, ಮನೆಯ ವಿಷಯ.

ನಮ್ಮ ಹಿರಿಯರು ಹೇಳುವ ಇನ್ನೊಂದು ಮಾತಿದೆ. 1960ರ ಹೊತ್ತಿಗೆ ಟಿಬೆಟಿಯನ್ನರು ಬಂದಾಗ ಬೈಲುಕುಪ್ಪೆ ಕಾಡಾಗಿತ್ತು, ಸರ್ಕಾರವೇ ಕೊಟ್ಟ ಜಾಗ, ಅದನ್ನು ಕಡಿದೇ ಹೊಲ ಮಾಡಿದ್ದು. ಇದನ್ನೂ ಲಾಮಾ ಹತ್ತಿರ ಅಂದೆ. ಹೌದು, ಬೆಟ್ಟ ಕಳೆದುಕೊಂಡು ಬಂದವರು ಆನೆಗಳ ಕಾಡು ತೆಗೆದುಕೊಂಡೆವು, ದಿನಾ ಪ್ರಾರ್ಥನೆಯಲ್ಲಿ ಎಲ್ಲಾ ಜೀವಿಗಳು ಅನ್ನುವಾಗ ಅವೂ ಸೇರುತ್ತವೆ ಅಂದರು. ಮೇಲಿನ ಯೊಕೊಹಾಮಾದವರ ಮಾತಿಗೆ ಇದು ಹೊಂದುತ್ತದೆ ಅಂತ ಹೇಳಿದೆ ಅಷ್ಟೇ.

ನೇರಳೆಹಣ್ಣು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಋಣದ ಮಾತು ಸ್ವಲ್ಪ ಚುಚ್ಚಿತು, ಆದರೆ ನಿಜ. ನಮ್ಮಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಇದೇ ಅಗಲದ ರಸ್ತೆ ನಮಗೆ ಉಪಯೋಗಕ್ಕೆ ಬಂತು.

ಓಲೆಗರಿ ಅವರೇ, ಇನ್ನೊಂದು ಕೇಳಬೇಕಿತ್ತು. ದುಃಖ ಹೀಗೇ ಇಟ್ಟುಕೊಂಡರೆ ಅದೇ ಕರುಣೆ ಅಂತ ಕೆಲವರು ಬರೆಯುತ್ತಾರೆ. ಭೂಮಿಗಾಗಿ ಅಳುವುದೇ ಪ್ರೀತಿ ಅಂತ. ಬೌದ್ಧರೂ ಹಾಗೇ ಹೇಳುತ್ತಾರಾ? ಯಾಕೆಂದರೆ ನನಗೆ ಅಳುವುದರಿಂದ ಏನೂ ಆಗುತ್ತಿಲ್ಲ, ಬರೀ ಸುಸ್ತು. ಆಮೇಲೆ, ಆ ದಾರಿಯಲ್ಲಿ ಹೋದ ಮರಗಳ ಹೆಸರು ಬರೆದು ಒಂದು ಬೋರ್ಡ್ ಹಾಕಬೇಕು ಅಂತ ನಮ್ಮೂರಿನ ಕೆಲವರು ಮಾತಾಡಿಕೊಂಡಿದ್ದೇವೆ. ಶಾಲೆಯ ಮೇಷ್ಟ್ರು ಜೊತೆಗಿದ್ದಾರೆ. ಆದರೆ ಯಾವ್ಯಾವ ಮರ ಎಷ್ಟಿದ್ದವು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಓಲೆಗರಿ:

ಇಲ್ಲ, ಹಾಗೆ ಹೇಳುವುದಿಲ್ಲ. ಈ ವಿಷಯದಲ್ಲಿ ಹಳಬರು ಸ್ವಲ್ಪ ಕಟ್ಟುನಿಟ್ಟು. ಐದನೇ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿ ಕೂತು ಬುದ್ಧಘೋಷ ಬರೆದ ವಿಶುದ್ಧಿಮಗ್ಗದಲ್ಲಿ ಕರುಣೆಗೆ ಇಬ್ಬರು ಶತ್ರುಗಳು ಅಂತ ಬರುತ್ತದೆ. ದೂರದ ಶತ್ರು ಕ್ರೌರ್ಯ. ಅದನ್ನು ಯಾರಾದರೂ ಗುರುತಿಸುತ್ತಾರೆ. ಹತ್ತಿರದ ಶತ್ರು ದುಃಖ. ನೋಡೋಕೆ ಕರುಣೆಯ ಹಾಗೇ ಇರುತ್ತದೆ, ಅದಕ್ಕೇ ಅದು ಹತ್ತಿರದ್ದು. ಕರುಣೆ ಬೇರೆಯವರ ನೋವು ಕಡಿಮೆಯಾಗಲಿ ಅಂತ ಕೈ ಚಾಚುತ್ತದೆ. ಈ ದುಃಖ ನನ್ನದು ಹೋಯಿತಲ್ಲ ಅಂತ ನನ್ನ ಸುತ್ತಲೇ ಸುತ್ತುತ್ತದೆ. ನಿಮಗೆ ಸುಸ್ತು ಬರುವುದು ಅಲ್ಲೇ ಇರಬೇಕು.

ಅದೇ ಪುಸ್ತಕ ಉಪೇಕ್ಷೆಗೂ ಒಬ್ಬ ಹತ್ತಿರದ ಶತ್ರುವನ್ನು ಹೇಳುತ್ತದೆ. ಇಲ್ಲಿ ಉಪೇಕ್ಷೆ ಅಂದರೆ ಕಡೆಗಣಿಸುವುದಲ್ಲ, ಏರುಪೇರಿಲ್ಲದ ಸಮಚಿತ್ತ. ಅದರ ಹತ್ತಿರದ ಶತ್ರು ಅಂದರೆ, ಏನೂ ತಿಳಿಯದೆ, ಏನೂ ತಾಗದೆ ಸುಮ್ಮನಿರುವುದು. ಅದೂ ದೊಡ್ಡ ಸಮಚಿತ್ತದ ಹಾಗೇ ಕಾಣುತ್ತದೆ! "ಬಿಟ್ಟುಬಿಡು" ಅನ್ನುವ ಸುಮಾರು ಜನ ಇರುವುದು ಅಲ್ಲಿ. ನಿಮ್ಮ ಗೆಳತಿ ಹಾಗೆ ಅಂತ ಹೇಳುತ್ತಿಲ್ಲ, ಅವಳನ್ನು ನಾನು ಕಂಡಿಲ್ಲ.

ಒಂದು ಸಣ್ಣ ಕೆಲಸ ಮಾಡಿ ನೋಡಿ. ಆ ದಾರಿಯಲ್ಲಿ ಎದೆ ಭಾರವಾದಾಗ ಒಂದು ನಿಮಿಷ ನಿಂತು, ಲಾಮಾ ಹೇಳಿದ ಹಾಗೆ ಅಲ್ಲಿ ಈಗಲೂ ಉಳಿದಿರುವ ಯಾವುದಾದರೂ ಒಂದು ಜೀವಿಯನ್ನು ಹುಡುಕಿ, ಅದಕ್ಕೆ ಒಳ್ಳೆಯದಾಗಲಿ ಅಂತ ಮನಸ್ಸಿನಲ್ಲಿ ಹೇಳಿ. ಮೈತ್ರಿ ಭಾವನೆಯ ಅಭ್ಯಾಸ ಅಂದರೆ ಇಷ್ಟೇ, ದೊಡ್ಡ ಸಿದ್ಧತೆ ಏನೂ ಬೇಡ. ಅಳು ಬಂದರೆ ಬರಲಿ, ತಡೆಯಬೇಡಿ. ಬೋರ್ಡ್ ಹಾಕುವುದು ಒಳ್ಳೆ ಯೋಚನೆ, ಕಾರಣವನ್ನೂ ಬರೆಯಿರಿ, ಬೈಗುಳ ಬೇಡ.

ಕಡ್ಡಿ ಮುರಿದಂಗೆ:

ಬೋರ್ಡ್ ವಿಷಯಕ್ಕೆ ನಾನೂ ಸೈ. ಅಶೋಕ ಕಳಿಂಗಕ್ಕೆ ಪಶ್ಚಾತ್ತಾಪ ಪಟ್ಟ ಅಂತ ಎಲ್ಲರೂ ಹೇಳುತ್ತಾರೆ. ಅದೇ ಮನುಷ್ಯ ಮುಂದೆ ಇಂತಿಂಥ ಪ್ರಾಣಿ ಪಕ್ಷಿ ಕೊಲ್ಲಬಾರದು, ಸುಮ್ನೆ ಕಾಡಿಗೆ ಬೆಂಕಿ ಇಡಬಾರದು ಅಂತ ಹೆಸರು ಹಿಡಿದು ಪಟ್ಟಿ ಮಾಡಿ ಕಂಬದ ಮೇಲೆ ಕೆತ್ತಿಸಿದ್ದನ್ನು ಯಾರೂ ಹೇಳುವುದಿಲ್ಲ. ಪಟ್ಟಿ ಇರಲಿ ಮೇಡಂ, ಪಟ್ಟಿಗೆ ತೂಕ ಇದೆ.

ಹಳೇ ಅರ್ಜಿದಾರ:

ಬುದ್ಧನ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಪಟ್ಟಿ ಬೇಕು ಅಂದಿರಲ್ಲ, ಅದನ್ನು ಹೇಳುತ್ತೇನೆ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ಮರ ಕಡಿಯೋಕೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿ ಅನುಮತಿ ಕೊಡಬೇಕು. ರಸ್ತೆ ಕೆಲಸಕ್ಕೆ ಕಡಿಯುವಾಗ ಮರಗಳಿಗೆ ನಂಬರ್ ಹಾಕಿ, ಜಾತಿ, ಸುತ್ತಳತೆ ಎಲ್ಲಾ ಬರೆದಿರುತ್ತಾರೆ. ಅನುಮತಿ ಆದೇಶದ ಪ್ರತಿ, ಮರಗಳ ಪಟ್ಟಿ, ಬದಲಿಗೆ ಎಲ್ಲಿ ಎಷ್ಟು ಗಿಡ ನೆಡಬೇಕು ಅಂತ ಹಾಕಿದ ಷರತ್ತು, ಈ ಮೂರನ್ನೂ ಬೇರೆ ಬೇರೆಯಾಗಿ ನಮೂದಿಸಿ ಮಾಹಿತಿ ಹಕ್ಕಿನಲ್ಲಿ ಒಂದೇ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಡಿ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ, ಅದಕ್ಕೂ 30 ದಿನದ ಗಡುವು ಇದೆ, ತಪ್ಪಿಸಿಕೊಳ್ಳಬೇಡಿ. ಅರ್ಜಿ ಹೇಗೆ ಬರೆಯುವುದು ಅಂತ ಬೇಕಾದರೆ ಕೇಳಿ, ನನ್ನ ಹತ್ತಿರ ಹಳೆಯ ನಮೂನೆ ಇದೆ.